ಗಲ್ಲಾ ಮುಂದೆ ಕೂತವರಿಗೆ ಎಷ್ಟು ಮಾರ್ಕ್ಸು?

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು ಗಲ್ಲಾ ಮುಂದೆ ಕೂತರೆ ಮತ್ತೆ ಏಳುವುದು ಊಟಕ್ಕೆ. ಊಟ ಮುಗಿಸಿ ಮತ್ತೆ ಅದೇ ಕುರ್ಚಿ. ರಾತ್ರಿ ಷಟರ್ ಎಳೆಯುವುದೇ ದಿನದ ಕಸರತ್ತು. ಇಂಥ ಯಜಮಾನರಿಗೆ ಸೂಜಿ ಚುಚ್ಚದೆ, ರಕ್ತ ತೆಗೆಯದೆ, ಮೂರು ಪ್ರಶ್ನೆ ಕೇಳಿ, ಸೊಂಟಕ್ಕೊಂದು ಟೇಪು ಸುತ್ತಿ, ಸಕ್ಕರೆ ಕಾಯಿಲೆಯ ಅಪಾಯ ಎಷ್ಟಿದೆ ಎಂದು ಹೇಳುವ ಲೆಕ್ಕವೊಂದಿದೆ. ಜಾತಕವಲ್ಲ, ಗಿಳಿಶಾಸ್ತ್ರವೂ ಅಲ್ಲ. ಶುದ್ಧ ಅಂಕಿಅಂಶ.

ಹೆಸರು ಇಂಡಿಯನ್ ಡಯಾಬಿಟಿಸ್ ರಿಸ್ಕ್ ಸ್ಕೋರ್. ಚೆನ್ನೈನ ಡಾ. ವಿ. ಮೋಹನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ್ದು. ಒಟ್ಟು 100 ಅಂಕ. ಶಾಲೆಯಲ್ಲಿ ಮಗನಿಗೆ ಜಾಸ್ತಿ ಮಾರ್ಕ್ಸ್ ಬಂದರೆ ಅಪ್ಪ ಪೇಡಾ ಹಂಚುತ್ತಾನೆ. ಇಲ್ಲಿ ಜಾಸ್ತಿ ಬಂದರೆ ಪೇಡಾ ಬಂದ್!

ವಯಸ್ಸು 35 ದಾಟಿದ್ದರೆ 20, 50 ದಾಟಿದ್ದರೆ 30. ಗಂಡಸರ ಸೊಂಟ 90 ಸೆಂಟಿಮೀಟರ್ ಮುಟ್ಟಿದರೆ 10, ನೂರು ಮುಟ್ಟಿದರೆ 20. ಹೆಂಗಸರಿಗೆ 80 ಮತ್ತು 90. ಕೂತು ಮಾಡುವ ಕೆಲಸ, ವ್ಯಾಯಾಮವೂ ಇಲ್ಲ ಎಂದರೆ 30. ವ್ಯಾಯಾಮ ಅಥವಾ ಮೈಮುರಿಯುವ ದುಡಿಮೆ, ಎರಡರಲ್ಲಿ ಒಂದಿದ್ದರೆ 20. ಎರಡೂ ಇದ್ದರೆ ಸೊನ್ನೆ. ಅಪ್ಪ ಅಮ್ಮನಲ್ಲಿ ಒಬ್ಬರಿಗೆ ಸಕ್ಕರೆ ಇದ್ದರೆ 10, ಇಬ್ಬರಿಗೂ ಇದ್ದರೆ 20. ಕೂಡಿದಾಗ 60 ಅಥವಾ ಹೆಚ್ಚು ಬಂದರೆ ಅಪಾಯ ಜಾಸ್ತಿ, 30ಕ್ಕಿಂತ ಕಡಿಮೆ ಆದರೆ ಕಮ್ಮಿ.

ಜವಳಿ ಅಂಗಡಿಯವರೊಬ್ಬರನ್ನು ತಗೊಳ್ಳಿ. ವಯಸ್ಸು 52, ಸೊಂಟ 94, ತಾಯಿಗೆ ಸಕ್ಕರೆ ಇತ್ತು, ವ್ಯಾಯಾಮ ಇಲ್ಲ. 30, 10, 10, 30. ಅಲ್ಲಿಗೆ 80. "ಅಂಗಡಿ ಒಳಗೇ ಓಡಾಡ್ತೀನಲ್ಲ ಸ್ವಾಮಿ" ಎಂದರೆ ಲೆಕ್ಕ ಒಪ್ಪುವುದಿಲ್ಲ. ಅದೇ ಅಂಗಡಿ ಮುಂದೆ ಮೂಟೆ ಇಳಿಸುವ ಹಮಾಲಿಗೂ 52, ಸೊಂಟ 82, ಮನೆಯಲ್ಲಿ ಯಾರಿಗೂ ಇಲ್ಲ. 30ಕ್ಕೆ 20 ಸೇರಿ 50. ಗಮನಿಸಬೇಕಾದ್ದು ಇಷ್ಟು: ವಯಸ್ಸು, ಅಪ್ಪ ಅಮ್ಮ ಕೈಯಲ್ಲಿಲ್ಲ, ಅದು 50 ಅಂಕ. ಸೊಂಟ, ಮೈ ಬಗ್ಗಿಸುವುದು ಕೈಯಲ್ಲಿದೆ, ಅದೂ 50 ಅಂಕ.

ಈ ಅಂಕಗಳು ಯಾರ ತಲೆಯಿಂದಲೂ ಉದುರಿದ್ದಲ್ಲ. ಚೆನ್ನೈ ನಗರದಲ್ಲಿ 26,001 ಮಂದಿಯನ್ನು ಮಾತಾಡಿಸಿ, ಅವರಲ್ಲಿ ಹತ್ತಕ್ಕೊಬ್ಬರಂತೆ ಕರೆದಾಗ 2,350 ಮಂದಿ ಬಂದರು. ಸಕ್ಕರೆ ಇದೆಯೆಂದು ಮೊದಲೇ ಗೊತ್ತಿಲ್ಲದವರಿಗೆ ಗ್ಲುಕೋಸ್ ನೀರು ಕುಡಿಸಿ ಎರಡು ಗಂಟೆ ಬಿಟ್ಟು ರಕ್ತ ನೋಡಿದರು. ಯಾವ ಉತ್ತರ ಕೊಟ್ಟವರಲ್ಲಿ ಸಕ್ಕರೆ ಹೆಚ್ಚು ಸಿಕ್ಕಿತೋ ಅದಕ್ಕೆ ಹೆಚ್ಚು ತೂಕ ಕೊಟ್ಟರು. ತಕ್ಕಡಿ ಹಿಡಿದ ಈ ಗಣಿತದ ಹೆಸರು ಲಾಜಿಸ್ಟಿಕ್ ರಿಗ್ರೆಷನ್. ಹೆಸರಿಗೆ ಹೆದರಬೇಡಿ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ 5,209 ಮಂದಿಯ ಬೆನ್ನು ಹತ್ತಿ ಹೃದಯದ ಕಾಯಿಲೆ ಯಾರಿಗೆ ಬರುತ್ತದೆ ಎಂದು ನೋಡಿದ್ದೂ ಇಂಥದೇ ತೂಕದ ಲೆಕ್ಕದಲ್ಲಿ.

ಹಾಗಾದರೆ 80 ಬಂದವರಿಗೆಲ್ಲ ಕಾಯಿಲೆ ಗ್ಯಾರಂಟಿಯೇ? ಇಲ್ಲ. ಎಡವಟ್ಟಾಗುವುದು ಇಲ್ಲೇ.

ಬಸ್‌ಸ್ಟ್ಯಾಂಡಿನಲ್ಲಿ ಸಾವಿರ ಜನ ನಿಂತಿದ್ದಾರೆ ಎಂದುಕೊಳ್ಳಿ. ಚೆನ್ನೈನ ಲೆಕ್ಕ ಹಿಡಿದರೆ ಅವರಲ್ಲಿ ಸುಮಾರು ನೂರು ಜನಕ್ಕೆ ತಮಗೇ ಗೊತ್ತಿಲ್ಲದ ಸಕ್ಕರೆ ಇದೆ. 60ರ ಗೆರೆ ಎಳೆದರೆ ಆ ನೂರರಲ್ಲಿ ಸುಮಾರು 72 ಮಂದಿ ಬಲೆಗೆ ಬೀಳುತ್ತಾರೆ. ಜತೆಗೆ ಕಾಯಿಲೆ ಇಲ್ಲದ ಸುಮಾರು 360 ಮಂದಿಯೂ ಬೀಳುತ್ತಾರೆ. ಅಂದರೆ 60 ದಾಟಿದ ನೂರು ಜನರಲ್ಲಿ ನಿಜಕ್ಕೂ ಸಕ್ಕರೆ ಇರುವವರು 17 ಮಂದಿ ಮಾತ್ರ. ಉಳಿದವರು ಅಂಕ ನೋಡಿ ರಾತ್ರಿಯೆಲ್ಲ ನಿದ್ದೆ ಕೆಡಿಸಿಕೊಂಡರೆ ದಂಡ. ಇದು ಕಾಯಿಲೆಯ ಸರ್ಟಿಫಿಕೇಟ್ ಅಲ್ಲ, ರಕ್ತ ಪರೀಕ್ಷೆಯ ಸಾಲಿನಲ್ಲಿ ಮುಂದೆ ನಿಲ್ಲಲು ಕೊಟ್ಟ ಚೀಟಿ. ಸಾವಿರ ಜನರಿಗೆ ಚುಚ್ಚುವ ಬದಲು 430 ಜನರಿಗೆ ಚುಚ್ಚಿದರೆ ಸಾಕು, ಉಳಿತಾಯ ಅದೇ.

ಆದರೆ ಬಲೆಯಿಂದ ತಪ್ಪಿಸಿಕೊಂಡ 28 ಮಂದಿ? ಅವರ ಕಥೆಯೇ ಕಷ್ಟದ್ದು. 50 ಬಂದ ಹಮಾಲಿ ಅವರಲ್ಲಿ ಒಬ್ಬನಾಗಿರಬಹುದು. "ಕಮ್ಮಿ ಬಂದಿದೆ, ಹೋಗಯ್ಯಾ" ಎಂದು ಕಳಿಸಿದರೆ ಅವನು ನೆಮ್ಮದಿಯಾಗಿ ಮೂಟೆ ಹೊರುತ್ತಿರುತ್ತಾನೆ, ಒಳಗೆ ಕಣ್ಣು, ಕಿಡ್ನಿ ಸವೆಯುತ್ತಿರುತ್ತದೆ. 60ರ ಗೆರೆಯನ್ನು ಕೆಳಗಿಳಿಸಿದರೆ ಇಂಥವರು ಸಿಗುತ್ತಾರೆ, ಆದರೆ ಸಾಲು ಇನ್ನೂ ಉದ್ದವಾಗುತ್ತದೆ, ಖರ್ಚೂ ಏರುತ್ತದೆ. ಗೆರೆ ಎಲ್ಲಿ ಎಳೆಯಬೇಕು ಎನ್ನುವುದು ಗಣಿತದ ಪ್ರಶ್ನೆಯಷ್ಟೇ ಅಲ್ಲ, ದುಡ್ಡಿನದೂ ಹೌದು.

2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆ ಪ್ರಕಾರ ದೇಶದಲ್ಲಿ ಸಕ್ಕರೆ ಇರುವವರು 10.1 ಕೋಟಿ, ಹೊಸ್ತಿಲಲ್ಲಿ ನಿಂತವರು 13.6 ಕೋಟಿ. ಆಶಾ ಕಾರ್ಯಕರ್ತೆಯರು ಮನೆಗೆ ತರುವ ಫಾರಂ ಕೂಡ ಇದೇ ಜಾತಿಯದು. 30 ದಾಟಿದವರ ವಯಸ್ಸು, ಸೊಂಟ, ಬೀಡಿ-ತಂಬಾಕು, ಕುಡಿತ, ನಡಿಗೆ, ಮನೆತನದ ಕಾಯಿಲೆ ಕೇಳುತ್ತಾರೆ. ನಾಲ್ಕಕ್ಕಿಂತ ಹೆಚ್ಚು ಅಂಕ ಬಂದವರಿಗೆ ತಪಾಸಣೆಯಲ್ಲಿ ಆದ್ಯತೆ. ಅತ್ತೆ ಎದುರಿಗಿದ್ದಾಗ ಅಳಿಯ ಕುಡಿತದ ಪ್ರಶ್ನೆಗೆ ಏನು ಉತ್ತರ ಕೊಡುತ್ತಾನೋ ಅದು ಬೇರೆ ಮಾತು!

ಇನ್ನು ಸೊಂಟದ ಅಳತೆ. ಪ್ಯಾಂಟಿನ ಸೈಜು ಹೇಳಿ ಜಾರಿಕೊಳ್ಳುವವರೇ ಹೆಚ್ಚು. ಪ್ಯಾಂಟು ಹೊಟ್ಟೆಯ ಕೆಳಗೆ ಕೂರುತ್ತದೆ. ಟೇಪು ಹಿಡಿಯಬೇಕಾದ್ದು ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು. 90 ಸೆಂಟಿಮೀಟರ್ ಅಂದರೆ ಟೈಲರ್ ಟೇಪಿನಲ್ಲಿ ಮೂವತ್ತೈದೂವರೆ ಇಂಚಿಗೆ ಕೂದಲೆಳೆ ಕಡಿಮೆ. ಬಾಯಾರಿಕೆ, ರಾತ್ರಿ ಪದೇ ಪದೇ ಮೂತ್ರ, ಮಾಯದ ಗಾಯ ಇರುವವರು ಮಾತ್ರ ಟೇಪು ಹುಡುಕುತ್ತಾ ಕೂರುವಂತಿಲ್ಲ. ಅಂಕ ಎಷ್ಟೇ ಬರಲಿ, ಅವರಿಗೆ ನೇರ ರಕ್ತ ಪರೀಕ್ಷೆ.