ಸಾಲಿನ ತುದಿ ಬಿಟ್ಟ ಪ್ರಾಸ: ರಾಕಿಂ ಅವರನ್ನು ಕೇಳುವ ಬಗೆ

1986ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ಬ್ರಿಡ್ಜ್ ವಸತಿ ಸಮುಚ್ಚಯದಲ್ಲಿ ಮಾರ್ಲಿ ಮಾರ್ಲ್ ಎಂಬ ನಿರ್ಮಾಪಕರಿಗೆ ಮನೆಯಲ್ಲೇ ಒಂದು ಸ್ಟುಡಿಯೊ ಇತ್ತು. ಲಾಂಗ್ ಐಲ್ಯಾಂಡಿನ ವೈಯನ್‌ಡಾಂಚ್ ಊರಿನಿಂದ ಬಂದ ಹದಿನೆಂಟರ ಆಸುಪಾಸಿನ ಹುಡುಗ ಅಲ್ಲಿ ಮೈಕಿನ ಮುಂದೆ ತಣ್ಣಗೆ, ಮಾತಾಡುವ ದನಿಯಲ್ಲೇ ತನ್ನ ಸಾಲುಗಳನ್ನು ಹೇಳಿ ಮುಗಿಸಿದ. ಇನ್ನಷ್ಟು ಜೋಶ್ ಬೇಕು ಎಂದು ಮಾರ್ಲಿ ಮಾರ್ಲ್ ಹೇಳಿದರಂತೆ. ಹುಡುಗ ದನಿ ಏರಿಸಲಿಲ್ಲ. ಹಾಗೆ ಹೊರಬಂದದ್ದೇ ‘ಎರಿಕ್ ಬಿ. ಈಸ್ ಪ್ರೆಸಿಡೆಂಟ್’. ಹುಡುಗನ ಹೆಸರು ವಿಲಿಯಂ ಮೈಕಲ್ ಗ್ರಿಫಿನ್. ಫೈವ್ ಪರ್ಸೆಂಟರ್ಸ್ ಎಂದು ಕರೆಸಿಕೊಳ್ಳುವ ಪಂಥಕ್ಕೆ ಸೇರಿ ಇಟ್ಟುಕೊಂಡ ಹೆಸರು ರಾಕಿಂ.

ಮರುವರ್ಷ, 1987ರಲ್ಲಿ, ಡಿಜೆ ಎರಿಕ್ ಬಿ. ಜೊತೆ ‘ಪೇಯ್ಡ್ ಇನ್ ಫುಲ್’ ಆಲ್ಬಂ ಬಂತು. ರ‍್ಯಾಪ್ ಬರೆಯುವ ಕ್ರಮವೇ ಅಲ್ಲಿಂದ ಬದಲಾಯಿತು ಎಂದು ಆ ಸಂಗೀತದ ಬಗ್ಗೆ ಬರೆಯುವವರು ಹೇಳುತ್ತಲೇ ಇರುತ್ತಾರೆ. ಬದಲಾದದ್ದು ಏನು ಎಂಬುದು ಮಾತ್ರ ಇಂಗ್ಲಿಷ್ ಬಲ್ಲ ನಮ್ಮವರಿಗೂ ಒಮ್ಮೆಲೇ ಕಿವಿಗೆ ಸಿಗುವುದಿಲ್ಲ. ಈಗ ಕೇಳಿದರೆ ‘ಎಲ್ಲ ರ‍್ಯಾಪ್ ಹೀಗೇ ಇರುತ್ತದಲ್ಲ’ ಅನಿಸುತ್ತದೆ. ಎಲ್ಲ ರ‍್ಯಾಪ್ ಹೀಗಾದದ್ದು ರಾಕಿಂ ಅವರ ನಂತರ. ಅದಕ್ಕೇ ಈ ಕಷ್ಟ.

ಮೊದಲು ತಾಳದ ಲೆಕ್ಕ ನೋಡೋಣ. ಹಿಪ್ ಹಾಪ್‌ನಲ್ಲಿ ಒಂದು ಬಾರ್ ಅಂದರೆ ನಾಲ್ಕು ಪೆಟ್ಟಿನ ಒಂದು ಆವರ್ತ. ಸಾಮಾನ್ಯವಾಗಿ ಒಂದು ಮತ್ತು ಮೂರನೇ ಪೆಟ್ಟಿನ ಕಡೆ ‘ಧುಂ’ ಎನ್ನುವ ಕಿಕ್ ಡ್ರಮ್, ಎರಡು ಮತ್ತು ನಾಲ್ಕಕ್ಕೆ ‘ಟಕ್’ ಎನ್ನುವ ಸ್ನೇರ್. ಪ್ರತಿ ಪೆಟ್ಟನ್ನೂ ತಕಧಿಮಿ ಎಂದು ನಾಲ್ಕಾಗಿ ಒಡೆದರೆ ಒಂದು ಬಾರಿನಲ್ಲಿ ಹದಿನಾರು ಮನೆಗಳು. ರ‍್ಯಾಪರ್ ಮಾತನ್ನು ಕೂರಿಸಬೇಕಾದದ್ದು ಈ ಮನೆಗಳೊಳಗೆ. ಯಾವ ಮನೆಗೆ ಉಚ್ಚಾರ, ಯಾವುದಕ್ಕೆ ಒತ್ತು, ಯಾವುದು ಖಾಲಿ ಎಂಬ ಹಂಚಿಕೆಗೆ ಫ್ಲೋ ಎನ್ನುತ್ತಾರೆ. ದನಿಯ ಸೊಗಸಿಗೂ ಇದಕ್ಕೂ ನೇರ ಸಂಬಂಧವಿಲ್ಲ.

1979ರ ‘ರ‍್ಯಾಪರ್ಸ್ ಡಿಲೈಟ್’ ಹಾಡಿನಿಂದ ಎಂಬತ್ತರ ದಶಕದ ನಡುವಿನವರೆಗೆ ಹೆಚ್ಚಿನವರ ಹಂಚಿಕೆ ಒಂದೇ ಬಗೆಯದು. ವಾಕ್ಯ ಬಾರಿನ ಆರಂಭಕ್ಕೆ ಶುರು, ನಾಲ್ಕನೇ ಪೆಟ್ಟಿಗೆ ಸರಿಯಾಗಿ ಅಂತ್ಯಪ್ರಾಸ, ಅಲ್ಲಿಗೇ ಅರ್ಥವೂ ಮುಕ್ತಾಯ. ಮುಂದಿನ ಬಾರಿಗೆ ಅದರ ಜೋಡಿ. ಸಭೆಯಲ್ಲಿ ಜನರನ್ನು ಕುಣಿಸಲು, ಜೊತೆಗೆ ಕೂಗಿಸಲು ಅದು ಬಲು ಅನುಕೂಲ. ನಮ್ಮ ಭಾಷೆಯಲ್ಲೇ ಒಂದು ಮಾದರಿ ಕಟ್ಟುವುದಾದರೆ:

ಮೈಕು ಹಿಡಿದು ನಾನು ಬಂದೆ
ಊರಿಗೆಲ್ಲ ಹಾಡು ತಂದೆ

ನಾಲ್ಕು ಪೆಟ್ಟು, ಮೂರು ಮೂರು ಮಾತ್ರೆ, ಕೊನೆಗೆ ಪ್ರಾಸ. ತಪ್ಪೇನಿಲ್ಲ. ಆದರೆ ‘ಬಂದೆ’ ಕೇಳಿದೊಡನೆ ‘ತಂದೆ’ಯೋ ‘ನಿಂದೆ’ಯೋ ಬರುತ್ತದೆ ಎಂದು ಕಿವಿಗೆ ಮೊದಲೇ ಗೊತ್ತು. ಈಗ ಇದನ್ನು ಕೇಳಿ:

ಮೈಕು ಸಿಕ್ಕರೆ ಪಕ್ಕದ ಬೀದಿಗೂ ಚಕ್ಕನೆ ಮುಟ್ಟಲಿ
ಮಾತು, ಕೊಟ್ಟ ಭಾಷೆಯ ಲೆಕ್ಕ ಕಟ್ಟದೆ ಬಿಟ್ಟು ಹೋಗೆನು

ಕಾವ್ಯವಾಗಿ ಇದಕ್ಕೆ ದೊಡ್ಡ ಬೆಲೆಯೇನಿಲ್ಲ, ಯಂತ್ರ ಹೇಗೆ ತಿರುಗುತ್ತದೆ ಎಂದು ತೋರಿಸಲು ಕಟ್ಟಿದ ಸಾಲು. ಸಾಲಿನ ತುದಿಗಳಾದ ‘ಮುಟ್ಟಲಿ’, ‘ಹೋಗೆನು’ ಪ್ರಾಸವಾಗಿಲ್ಲ. ಪ್ರಾಸವೆಲ್ಲ ಒಳಗಿದೆ: ಸಿಕ್ಕ, ಪಕ್ಕ, ಚಕ್ಕ ಎಂದು ಓಡಿ ಬಂದ ಕಕಾರ ‘ಮುಟ್ಟ’ಕ್ಕೆ ಬಂದು ಟಕಾರಕ್ಕೆ ಹೊರಳುತ್ತದೆ. ಮುಂದಿನ ಸಾಲಿನಲ್ಲಿ ಕೊಟ್ಟ, ಕಟ್ಟ, ಬಿಟ್ಟು ಎಂದು ಟಕಾರ ನಡೆಯುವಾಗ ನಡುವೆ ‘ಲೆಕ್ಕ’ ಹಳೆಯ ಸದ್ದನ್ನು ಒಮ್ಮೆ ನೆನಪಿಸಿ ಹೋಗುತ್ತದೆ. ಜೊತೆಗೆ ‘ಮುಟ್ಟಲಿ’ಯ ಕರ್ತೃವಾದ ‘ಮಾತು’ ಮುಂದಿನ ಸಾಲಿಗೆ ಬಿದ್ದಿದೆ. ಬಾರ್ ಮುಗಿದರೂ ವಾಕ್ಯ ಮುಗಿಯದ್ದರಿಂದ ಕೇಳುವವರು ಮುಂದಕ್ಕೆ ವಾಲಲೇಬೇಕು.

ರಾಕಿಂ ಮಾಡಿದ್ದರ ತಿರುಳು ಈ ಎರಡು ಕೆಲಸ. ಒಂದು, ಪ್ರಾಸವನ್ನು ತುದಿಯಿಂದ ಎತ್ತಿ ಬಾರಿನ ಉದ್ದಕ್ಕೂ ಹರಡುವುದು, ಅದರಲ್ಲೂ ಎರಡು ಮೂರು ಉಚ್ಚಾರಗಳ ಗೊಂಚಲಿಗೆ ಗೊಂಚಲನ್ನೇ ಪ್ರಾಸ ಮಾಡುವುದು. ಇನ್ನೊಂದು, ವಾಕ್ಯ ಬಾರಿನ ಗೆರೆ ದಾಟುವಂತೆ ಬರೆಯುವುದು. ಎರಡನೆಯದು ನಮಗೆ ಅಷ್ಟು ಅಪರಿಚಿತವಲ್ಲ. ಸರಳರಗಳೆ ಓದಿದವರು, ಕುವೆಂಪು ಅವರ ‘ಶ್ರೀ ರಾಮಾಯಣ ದರ್ಶನಂ’ ಗಟ್ಟಿಯಾಗಿ ಓದಿದವರು ವಾಕ್ಯ ಸಾಲಿನ ಅಂಚು ದಾಟಿ ಎಲ್ಲೋ ನಡುವೆ ನಿಲ್ಲುವುದನ್ನು ಬಲ್ಲರು. ವ್ಯತ್ಯಾಸವೆಂದರೆ ಇಲ್ಲಿ ಹಿಂದೆ ಡ್ರಮ್ ಇದೆ. ಗೆರೆ ಎಲ್ಲಿದೆ ಎಂದು ಅದು ಪ್ರತಿ ಬಾರಿಗೂ ಬಡಿದು ಹೇಳುತ್ತದೆ, ಮಾತು ಅದನ್ನು ಕೇಳದೆ ಮುಂದೆ ಹೋಗುತ್ತದೆ. ಹಾಡಿನ ಎತ್ತುಗಡೆಯನ್ನು ತಾಳದ ಸಮಕ್ಕೆ ಇಡದೆ ಅದರ ಹಿಂದೆಮುಂದೆ, ಅತೀತಕ್ಕೋ ಅನಾಗತಕ್ಕೋ, ಇಟ್ಟಾಗ ಸಂಗೀತ ಕಚೇರಿಯಲ್ಲಿ ತಾಳ ಹಾಕುವವರ ಕೈ ಎಚ್ಚರವಾಗುತ್ತದಲ್ಲ, ಇಲ್ಲಿಯೂ ಹಾಗೇ.

ಇದು ಎಲ್ಲಿಂದ ಬಂತು? ರಾಕಿಂ ಶಾಲಾ ದಿನಗಳಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದವರು. ರಿದಮ್ ಅಂಡ್ ಬ್ಲೂಸ್ ಗಾಯಕಿ ರೂತ್ ಬ್ರೌನ್ ಅವರ ಬಂಧು. ತಮ್ಮ ಫ್ಲೋ ಬಗ್ಗೆ ಕೇಳಿದಾಗಲೆಲ್ಲ ಅವರು ಜಾಜ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ಹೆಸರು ತೆಗೆಯುತ್ತಾರೆ. ಸ್ಯಾಕ್ಸೊಫೋನ್ ವಾದಕನಿಗೆ ಬಾರಿನ ಗೆರೆಗಿಂತ ಉಸಿರಿನ ಉದ್ದ ಮುಖ್ಯ, ಉಸಿರು ಇರುವವರೆಗೂ ಒಂದೇ ಎಳೆ. ಇದರ ಜೊತೆ ಒಂದು ಲೆಕ್ಕಾಚಾರವೂ ಇತ್ತು: ಬರೆಯಲು ಕೂತಾಗ ಹಾಳೆಯ ಮೇಲೆ 16 ಚುಕ್ಕಿ ಇಟ್ಟುಕೊಂಡು ನಾಲ್ಕು ಬಾರ್‌ಗಳನ್ನು ಗ್ರಾಫ್‌ನಂತೆ ಕಾಣುತ್ತಿದ್ದೆ, ಇನ್ನೊಂದು ಪದಕ್ಕೂ ಜಾಗವಿಲ್ಲ ಅನ್ನುವಷ್ಟು ತುಂಬಿಸಲು ನೋಡುತ್ತಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ನಾಲ್ಕು ಬಾರ್, ನಾಲ್ಕು ಪೆಟ್ಟು, ಹದಿನಾರು. ತಣ್ಣನೆಯ ದನಿಯ ಗುಟ್ಟೂ ನನಗೆ ಇಲ್ಲೇ ಕಾಣುತ್ತದೆ. ಇಷ್ಟು ಕಿಕ್ಕಿರಿದ ಸಾಲನ್ನು ಕೂಗಿ ಹೇಳಿದರೆ ಎಲ್ಲ ಉಚ್ಚಾರಕ್ಕೂ ಒಂದೇ ಒತ್ತು ಬಿದ್ದು ಒಳಪ್ರಾಸ ಕರಗಿ ಹೋಗುತ್ತದೆ. ದನಿ ತಗ್ಗಿಸಿದ್ದರಿಂದಲೇ ಯಾವುದನ್ನು ಒತ್ತಬೇಕು ಎಂಬ ಆಯ್ಕೆ ಅವರ ಕೈಯಲ್ಲಿ ಉಳಿಯಿತು.

ಒಳಪ್ರಾಸವನ್ನು ರಾಕಿಂ ಕಂಡುಹಿಡಿದರು ಅನ್ನುವುದು ಅಭಿಮಾನಿಗಳ ಉತ್ಪ್ರೇಕ್ಷೆ. 1980ರಲ್ಲೇ ಕೂಲ್ ಮೋ ಡೀ ಇದ್ದ ಟ್ರೆಚರಸ್ ತ್ರೀ ತಂಡ ಬಿರುಸಿನ, ಒತ್ತೊತ್ತಾದ ರ‍್ಯಾಪ್ ಮಾಡಿತ್ತು. ರಾಕಿಂ ಕಾಲದಲ್ಲೇ ಬಿಗ್ ಡ್ಯಾಡಿ ಕೇನ್, ಕೂಲ್ ಜಿ ರ‍್ಯಾಪ್ ಕೂಡ ಇದೇ ದಾರಿಯಲ್ಲಿದ್ದರು. ಅಪರೂಪಕ್ಕೆ ಮಾಡುವ ಚಮತ್ಕಾರವಾಗಿದ್ದದ್ದನ್ನು ಉದ್ದಕ್ಕೂ ಹಿಡಿಯುವ ಶಿಸ್ತಾಗಿ ಮಾಡಿದ್ದು ರಾಕಿಂ ಅವರ ಪಾಲು.

ಕೇಳಲು ಶುರು ಮಾಡುವವರು ‘ಪೇಯ್ಡ್ ಇನ್ ಫುಲ್’ ಎಂಬ ಹಾಡನ್ನೇ ಹಿಡಿಯಿರಿ. ಆಲ್ಬಂನ ಹೆಸರಿನದೇ ಹಾಡು. ಅದರಲ್ಲಿ ಇರುವುದು ಒಂದೇ ಪದ್ಯಭಾಗ. ಜೇಬು ಖಾಲಿಯಿರುವವನೊಬ್ಬ ಹಿಂದೆ ಹಿಡಿದ ಅಡ್ಡದಾರಿಯನ್ನು ನೆನೆಸಿಕೊಂಡು, ಈಗ ನೆಟ್ಟಗೆ ದುಡಿಯುವ ಯೋಚನೆ ಮಾಡುವ ಒಂದೇ ಎಳೆಯ ಸ್ವಗತ. ಒಮ್ಮೆ ಮಾತನ್ನು ಬಿಟ್ಟು ಎರಡು ಮತ್ತು ನಾಲ್ಕನೇ ಪೆಟ್ಟಿಗೆ ಮಾತ್ರ ಚಪ್ಪಾಳೆ ತಟ್ಟುತ್ತ ಕೇಳಿ. ಕೈ ತಾನೇ ತಟ್ಟುವಂತಾದ ಮೇಲೆ ಇನ್ನೊಮ್ಮೆ ಹಾಕಿ, ವಾಕ್ಯ ಎಲ್ಲಿ ನಿಲ್ಲುತ್ತದೆ ಎಂದಷ್ಟೇ ಗಮನಿಸಿ. ಎಷ್ಟು ಸಲ ಅದು ಚಪ್ಪಾಳೆಯನ್ನು ದಾಟಿ ಮುಂದಿನ ಬಾರಿನೊಳಗೆ ಕಾಲಿಡುತ್ತದೆ ಎಂಬುದು ಗೊತ್ತಾಗುತ್ತದೆ. ಆಮೇಲೆ ಸಾಹಿತ್ಯವನ್ನು ಮುಂದಿಟ್ಟುಕೊಂಡು ಒಂದೊಂದು ಸದ್ದಿನ ಗುಂಪಿಗೆ ಒಂದೊಂದು ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. ಅಕ್ಷರ ನೋಡಬೇಡಿ, ಉಚ್ಚಾರ ನೋಡಿ. ನ್ಯೂಯಾರ್ಕಿನ ನಾಲಿಗೆಯಲ್ಲಿ ಪ್ರಾಸವಾಗುವ ಎಷ್ಟೋ ಪದಗಳು ಕಾಗದದ ಮೇಲೆ ಹಾಗೆ ಕಾಣುವುದೇ ಇಲ್ಲ.

ಮುಂದೆ ‘ಐ ನೋ ಯು ಗಾಟ್ ಸೋಲ್’, ಅದಾದ ಮೇಲೆ 1988ರ ‘ಫಾಲೋ ದ ಲೀಡರ್’. ಎರಡನೆಯದರ ಓಟ ಜೋರು, ಮಾತು ಭೂಮಿ ಬಿಟ್ಟು ಆಕಾಶಕ್ಕೆ ಏರುತ್ತದೆ. ಅದೇ ಹೆಸರಿನ ಆಲ್ಬಂನಲ್ಲಿರುವ ‘ಮೈಕ್ರೊಫೋನ್ ಫೀಂಡ್’ ಮೈಕಿನ ಹುಚ್ಚನ್ನು ಮಾದಕ ಚಟದ ಹಾಗೆ ಕೊನೆತನಕ ಬೆಳೆಸುತ್ತದೆ. ಒಂದೇ ರೂಪಕವನ್ನು ಹಾಡಿನುದ್ದಕ್ಕೂ ಬಿಗಿ ತಪ್ಪದೆ ಹಿಡಿಯುವುದು ಮುಂದಿನವರು ಕಲಿತ ಇನ್ನೊಂದು ಪಾಠ. ಇಡೀ ‘ಪೇಯ್ಡ್ ಇನ್ ಫುಲ್’ ಆಲ್ಬಂ ಕೇಳುವುದಾದರೆ, ಅದರ ಹತ್ತು ಹಾಡುಗಳಲ್ಲಿ ಮೂರು ಬರಿಯ ಡಿಜೆ ತುಣುಕುಗಳು. ಮೊದಲ ಸುತ್ತಿನಲ್ಲಿ ಅವನ್ನು ಬಿಟ್ಟರೆ ನಷ್ಟವಿಲ್ಲ. ಕಥೆ ಬೇಕು, ಪಾತ್ರಗಳು ಬೇಕು ಎನ್ನುವವರಿಗೆ ರಾಕಿಂ ಒಗ್ಗದೆಯೂ ಇರಬಹುದು. ಅವರ ಬಹುಪಾಲು ಹಾಡುಗಳ ವಸ್ತು ತಮ್ಮದೇ ಜಾಣ್ಮೆ.

ಪ್ರಭಾವ ಕೇಳಬೇಕಾದರೆ ಅದೇ ಕ್ವೀನ್ಸ್‌ಬ್ರಿಡ್ಜ್‌ನಲ್ಲಿ ಬೆಳೆದ ನಾಸ್ ಅವರ 1994ರ ‘ಇಲ್‌ಮ್ಯಾಟಿಕ್’ ಹಾಕಿ. ತಗ್ಗಿದ ದನಿ, ಗೆರೆ ದಾಟುವ ವಾಕ್ಯ, ಒಳಪ್ರಾಸ ಮೂರೂ ಅಲ್ಲಿವೆ, ಜೊತೆಗೆ ರಾಕಿಂ ಅವರಲ್ಲಿ ಕಡಿಮೆಯಿದ್ದ ಬೀದಿಯ ಚಿತ್ರ ಕೂಡ. 2004ರಲ್ಲಿ ನಾಸ್ ರಾಕಿಂ ಅವರ ಜೀವನವನ್ನೇ ಒಂದು ಹಾಡಾಗಿ ಹೇಳಿದರು. ಗೊಂಚಲು ಪ್ರಾಸವನ್ನು ಅತಿರೇಕದವರೆಗೆ ಎಳೆದದ್ದು ಎಮಿನೆಂ.

ಕನ್ನಡದಲ್ಲಿ ರ‍್ಯಾಪ್ ಬರೆಯುವವರಿಗೆ ಇದರಲ್ಲಿ ಕೈಗೆ ಹತ್ತುವ ಒಂದು ಸಂಗತಿ ಇದೆ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಬಂದೆ-ತಂದೆ, ಮಾಡ್ತೀನಿ-ನೋಡ್ತೀನಿ ಎಂಬ ಅಂತ್ಯಪ್ರಾಸ ಬೇಡವೆಂದರೂ ಬಂದು ಕೂರುತ್ತದೆ. ಪುಕ್ಕಟೆ ಸಿಕ್ಕಿದ್ದಕ್ಕೆ ಕಿವಿ ಬೆಲೆ ಕೊಡುವುದಿಲ್ಲ. ನಮ್ಮ ಹಳೆಯ ಕವಿಗಳು ಪ್ರಾಸವನ್ನು ಸಾಲಿನ ಎರಡನೇ ಅಕ್ಷರಕ್ಕೆ ಇಟ್ಟರು. ಆ ಜಾಗ ವ್ಯಾಕರಣ ತಾನಾಗಿ ತುಂಬಿಕೊಡದ ಜಾಗ, ಕವಿಯೇ ಹುಡುಕಿ ತುಂಬಬೇಕು. ಒತ್ತಕ್ಷರಗಳಂತೂ ಸ್ನೇರ್ ಪೆಟ್ಟಿಗೆ ಹೇಳಿ ಮಾಡಿಸಿದಂತಿವೆ: ‘ಸಿಕ್ಕ’ದ ಕ್ಕ, ‘ಕೊಟ್ಟ’ದ ಟ್ಟ ಎರಡನೇ ಪೆಟ್ಟಿಗೆ ಸರಿಯಾಗಿ ಬಿದ್ದರೆ ಡ್ರಮ್ಮಿಗೆ ಇನ್ನೊಂದು ಡ್ರಮ್ ಸೇರಿದ ಹಾಗೆ. ಬರೆದದ್ದನ್ನು ಹಾಳೆಯ 16 ಚುಕ್ಕಿಗಳ ಮೇಲೆ ಹರಡಿ, ಸಾಲಿನ ಕೊನೆಯ ಕ್ರಿಯಾಪದವನ್ನು ಅಲ್ಲಿಂದ ಎಬ್ಬಿಸಿ ಮುಂದಿನ ಬಾರಿಗೆ ತಳ್ಳಿ, ಏನು ಉಳಿಯುತ್ತದೆ ಎಂದು ಗಟ್ಟಿಯಾಗಿ ಹೇಳಿ ನೋಡಬಹುದು.