ಥೇಮ್ಸ್ ದಂಡೆಯ ಟ್ವಿಕನ್‌ಹ್ಯಾಮ್

ಟ್ವಿಕನ್‌ಹ್ಯಾಮ್ ಎಂದರೆ ರಗ್ಬಿ ಎಂದಷ್ಟೇ ನನಗೆ ಗೊತ್ತಿತ್ತು. ಮೊನ್ನೆ ಇಂಗ್ಲಿಷ್ ತರಗತಿಯಲ್ಲಿ 'ಸೆರೆಂಡಿಪಿಟಿ' ಎಂಬ ಪದ ಬಂತು. ಹುಡುಕದೇ ಒಳ್ಳೆಯದೊಂದು ಕೈಗೆ ಸಿಗುವುದು ಎಂದು ಅದರ ಅರ್ಥ. ಲೈಬ್ರರಿಯಲ್ಲಿ ಆ ಪದದ ಮೂಲ ನೋಡುತ್ತಾ ಹೋದವನು ಇದೇ ಊರಿಗೆ ಬಂದು ಮುಟ್ಟಿದೆ.

ಟ್ವಿಕನ್‌ಹ್ಯಾಮ್ ಇರುವುದು ಲಂಡನ್ನಿನ ನೈಋತ್ಯಕ್ಕೆ, ಥೇಮ್ಸ್ ನದಿಯ ದಂಡೆಯಲ್ಲಿ. ಈಗ ಅದು ಲಂಡನ್ನಿನದೇ ಒಂದು ಭಾಗ. 18ನೇ ಶತಮಾನದಲ್ಲಿ ಹಳ್ಳಿ. ಹೊರೇಸ್ ವಾಲ್‌ಪೋಲ್ ಎಂಬ ಲೇಖಕ 1747ರಲ್ಲಿ ಅಲ್ಲೊಂದು ಸಣ್ಣ ಮನೆ ಹಿಡಿದು, ವರ್ಷಗಟ್ಟಲೆ ಕಟ್ಟಿಸಿ ಕಟ್ಟಿಸಿ ಅದನ್ನು ಬಿಳಿ ಕೋಟೆಯಂತೆ ಮಾಡಿದ. ಅದೇ ಸ್ಟ್ರಾಬೆರಿ ಹಿಲ್. ಇಂಗ್ಲಿಷಿನ ಮೊದಲ ಗಾಥಿಕ್ ಕಾದಂಬರಿ ಬರೆದವನೂ ಅವನೇ. 'ಸೆರೆಂಡಿಪಿಟಿ' ಅವನು 1754ರ ಒಂದು ಪತ್ರದಲ್ಲಿ ಸೃಷ್ಟಿಸಿದ ಪದ. ಸೆರೆಂಡಿಪ್‌ನ ಮೂವರು ರಾಜಕುಮಾರರ ಕಥೆ ಅದಕ್ಕೆ ಆಧಾರ. ಆ ಕಥೆ 1557ರಲ್ಲಿ ವೆನಿಸ್‌ನಲ್ಲಿ ಇಟಾಲಿಯನ್ ಭಾಷೆಯಲ್ಲಿ ಅಚ್ಚಾಗಿತ್ತು. ಅದರ ಬೇರು ನಮ್ಮ ದೆಹಲಿಯ ಅಮೀರ್ ಖುಸ್ರೋ ಫಾರಸಿಯಲ್ಲಿ ಬರೆದ 'ಹಷ್ತ್ ಬಿಹಿಷ್ತ್' ಕಾವ್ಯದಲ್ಲಿದೆ. ಸೆರೆಂಡಿಪ್ ಎಂದರೆ ಸರಂದೀಬ್, ಅಂದರೆ ಶ್ರೀಲಂಕಾ. ಹಜ್ರತ್ ಆದಮರು ಇಳಿದ ಜಾಗವೆಂದು ನನ್ನ ಅಜ್ಜಿ ಹೇಳುತ್ತಿದ್ದ ಸರಂದೀಬ್! ಇಂಗ್ಲಿಷ್ ಪದಕೋಶದಲ್ಲಿ ಅದು ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ನದಿಯ ಪಕ್ಕದ ಯಾರ್ಕ್ ಹೌಸನ್ನು 1906ರಲ್ಲಿ ಕೊಂಡವರು ರತನ್ ಟಾಟಾ. ನಮ್ಮ ಕಾಲದವರಲ್ಲ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಕನಸು ಕಂಡ ಜಮ್ಷೆಡ್‌ಜಿಯವರ ಕಿರಿಯ ಮಗ. ದಕ್ಷಿಣ ಆಫ್ರಿಕಾದಲ್ಲಿ ಗಾಂಧೀಜಿಯ ಹೋರಾಟಕ್ಕೆ ಹಣ ಕೊಟ್ಟವರು. ಅವರ ತೋಟದ ಅಮೃತಶಿಲೆಯ ಪ್ರತಿಮೆಗಳು ಇಂದಿಗೂ ಅಲ್ಲಿವೆ. ರಗ್ಬಿ ಮೈದಾನದ ಜಾಗ ಕೊಂಡದ್ದು ಮರುವರ್ಷ, 1907ರಲ್ಲಿ. ಅದು ಎಲೆಕೋಸು ಬೆಳೆಯುತ್ತಿದ್ದ ನೆಲವಂತೆ. ನದಿಯ ನಡುವಿನ ಈಲ್ ಪೈ ದ್ವೀಪದ ಹೋಟೆಲಿನಲ್ಲಿ 1963ರಲ್ಲಿ ರೋಲಿಂಗ್ ಸ್ಟೋನ್ಸ್ ಹಾಡಿದ್ದರು.

ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸಿದವನು ಕವಿ ಅಲೆಕ್ಸಾಂಡರ್ ಪೋಪ್. ಅವನು ಕ್ಯಾಥೊಲಿಕ್. ಆಗಿನ ಕಾನೂನಿನಂತೆ ಕ್ಯಾಥೊಲಿಕರು ಲಂಡನ್ನಿನ 10 ಮೈಲಿಯೊಳಗೆ ವಾಸಿಸುವಂತಿರಲಿಲ್ಲ, ವಿಶ್ವವಿದ್ಯಾಲಯ ಸೇರುವಂತಿರಲಿಲ್ಲ, ಸರ್ಕಾರಿ ಹುದ್ದೆ ಹಿಡಿಯುವಂತಿರಲಿಲ್ಲ. ಕದ್ದುಮುಚ್ಚಿ ನಡೆಯುತ್ತಿದ್ದ ಶಾಲೆಗಳಲ್ಲಿ ಸ್ವಲ್ಪ ಕಲಿತು, ಉಳಿದದ್ದನ್ನು ಮನೆಯಲ್ಲೇ ಓದಿಕೊಂಡ. ಬೆನ್ನುಮೂಳೆಯ ಕ್ಷಯದಿಂದ ಗೂನು ಬಿದ್ದು, ನಾಲ್ಕೂವರೆ ಅಡಿಗಿಂತ ಎತ್ತರ ಬೆಳೆಯಲಿಲ್ಲ. ಆದರೂ ಹೋಮರನ 'ಇಲಿಯಡ್' ಅನುವಾದಿಸಿ, ಆ ಹಣದ ಬಲದಿಂದ 1719ರಲ್ಲಿ ಟ್ವಿಕನ್‌ಹ್ಯಾಮ್‌ಗೆ ಬಂದು ನೆಲೆಸಿದ. ಮನೆ ಒಂದು ಕಡೆ, ತೋಟ ರಸ್ತೆಯ ಆಚೆ ಕಡೆ; ಎರಡರ ನಡುವೆ ನೆಲದಡಿ ಸುರಂಗ ತೋಡಿಸಿ, ಅದಕ್ಕೆ ಚಿಪ್ಪು, ಹರಳು, ಕನ್ನಡಿ ಚೂರು ಮೆತ್ತಿಸಿ ಗುಹೆ ಮಾಡಿಕೊಂಡ.

ಅವನು ತೀರಿಕೊಂಡ ಮೇಲೂ ಮನೆ ನೋಡಲು ಜನ ಬರುತ್ತಲೇ ಇದ್ದರು. ಮುಂದೆ ಅದನ್ನು ಕೊಂಡ ಶ್ರೀಮಂತ ಮಹಿಳೆಯೊಬ್ಬಳು ಈ ಕಾಟ ತಾಳದೆ ಮನೆಯನ್ನೇ ಕೆಡವಿಸಿದಳು. ಗುಹೆ ಮಾತ್ರ ಉಳಿದಿದೆ. ಅದರ ಮೇಲೆ ಈಗ ಒಂದು ಶಾಲೆ ನಡೆಯುತ್ತಿದೆ.