ಗಣಕಯಂತ್ರದ ನವೀಕರಣ: ತಡೆಯಲ್ಲ, ನಿಯಂತ್ರಣ

‘ನವೀಕರಣ’ವೆಂಬ ಶಬ್ದವನ್ನು ವೈಯಾಕರಣರು ಅಭೂತತದ್ಭಾವಕ್ಕೆ ಸೇರಿಸುವರು, ಹೊಸದಲ್ಲದುದನ್ನು ಹೊಸದಾಗಿಸುವುದೆಂದು ಅದರ ತಾತ್ಪರ್ಯ. ಗಣಕಯಂತ್ರದ ಸಮಸ್ತ ವ್ಯವಹಾರವನ್ನು ನಡೆಸುವ ಕಾರ್ಯಾಚರಣ ವ್ಯವಸ್ಥೆಯೂ ಕಾಲಕಾಲಕ್ಕೆ ಹೀಗೆ ಹೊಸದಾಗಬೇಕಾಗುತ್ತದೆ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್‌ನ ರಕ್ಷಣಾ ತಿದ್ದುಪಡಿಗಳನ್ನು ಪ್ರತಿ ತಿಂಗಳ ಎರಡನೆಯ ಮಂಗಳವಾರ ಹೊರಡಿಸುತ್ತದೆ.

ಆದರೆ ಈ ಉಪಕಾರವು ಹೊತ್ತರಿಯದೆ ಬಂದರೆ ಉಪದ್ರವವೇ ಆಗುವುದು. ಹೊಸಪೇಟೆಯಲ್ಲಾಗಲಿ ಕಂಪ್ಲಿಯಲ್ಲಾಗಲಿ, ಅಧ್ಯಾಪಕರೊಬ್ಬರು ಮನೆಯಲ್ಲಿ ಪ್ರಶ್ನಪತ್ರಿಕೆ ಸಿದ್ಧಪಡಿಸುತ್ತಿರುವಾಗ ಯಂತ್ರವು ತಾನೇ ಮರುಪ್ರಾರಂಭಗೊಂಡರೆ, ಉಳಿಸಿಡದ ಬರಹ ನಷ್ಟವಾಗಬಹುದು. ಮೊಬೈಲಿನ ಡೇಟಾವನ್ನೇ ನೆಚ್ಚಿದವರ ದಿನದ ಪಾಲು ಮುಗಿದುಹೋಗಬಹುದು. ನಡುವೆ ವಿದ್ಯುತ್ತು ಹೋದರಂತೂ ಯಂತ್ರವೇ ಕೆಡುವ ಭಯ. ಇದರಿಂದ ಬೇಸತ್ತು ನವೀಕರಣವನ್ನೇ ನಿಲ್ಲಿಸಬಯಸುವವರು ಅನೇಕರು.

ಅದು ಯುಕ್ತವಲ್ಲ. 2017ರ ಮಾರ್ಚ್ 14ರಂದು ವಿಂಡೋಸ್‌ನ ಒಂದು ದೋಷಕ್ಕೆ ಪರಿಹಾರವು ಹೊರಬಂದಿತ್ತು. ಮೇ 12ರಂದು ಅದೇ ದೋಷದ ಮೂಲಕ ‘ವಾನಾಕ್ರೈ’ ಎಂಬ ಕುತಂತ್ರಾಂಶವು ನುಗ್ಗಿ, ಸುಮಾರು 150 ದೇಶಗಳಲ್ಲಿ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಪರಿಹಾರವನ್ನು ಅಳವಡಿಸಿಕೊಂಡಿದ್ದ ಯಂತ್ರಗಳಿಗೆ ಆ ಬಾಗಿಲು ಮುಚ್ಚಿತ್ತು. ಉಪೇಕ್ಷಿಸಿದವರು ಪೇಚಿಗೆ ಸಿಲುಕಿದರು.

ಅವಸರವೂ ನಿರ್ದೋಷವಲ್ಲ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶ ಸಂಸ್ಥೆಯ ದೋಷಯುಕ್ತ ನವೀಕರಣದಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ತಬ್ಧವಾದವು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೂ ಪ್ರಯಾಣಿಕರು ಕಾಯಬೇಕಾಯಿತು. ಆದುದರಿಂದ ಮಧ್ಯಮಮಾರ್ಗವೇ ಲೇಸು.

ಅದಕ್ಕೆ ಸಾಧನಗಳು ಮೂರು. ಮೊದಲನೆಯದು ‘ಆಕ್ಟಿವ್ ಅವರ್ಸ್’: ಕೆಲಸದ ವೇಳೆಯನ್ನು, ಗರಿಷ್ಠ 18 ಗಂಟೆಗಳವರೆಗೆ, ಗೊತ್ತುಪಡಿಸಿದರೆ ಆ ಅವಧಿಯಲ್ಲಿ ಯಂತ್ರವು ತಾನಾಗಿ ಮರುಪ್ರಾರಂಭಗೊಳ್ಳದು. ಎರಡನೆಯದು ‘ಪಾಸ್’: ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ವಿಭಾಗದಲ್ಲಿ ನವೀಕರಣವನ್ನು ವಾರಗಳ ಲೆಕ್ಕದಲ್ಲಿ ಮುಂದೂಡಬಹುದು, ಪರೀಕ್ಷೆಯ ದಿನಗಳಿಗೆ ಇದು ಒದಗುವುದು. ಮೂರನೆಯದು ‘ಮೀಟರ್ಡ್ ಕನೆಕ್ಷನ್’: ಮೊಬೈಲಿನ ಜಾಲಕ್ಕೆ ಈ ಗುರುತು ಹಾಕಿದರೆ ಹೆಚ್ಚಿನ ನವೀಕರಣಗಳು ಇಳಿಯದೆ ನಿಲ್ಲುವುವು. ಮೂರರಲ್ಲಿ ಯಾವುದನ್ನು ಬಳಸಿದರೂ ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇಟ್ಟು, ವಿದ್ಯುತ್ತು ಸ್ಥಿರವಾಗಿರುವ ಹೊತ್ತಿನಲ್ಲಿ ನವೀಕರಣವನ್ನು ಮುಗಿಸತಕ್ಕದ್ದು.

2015ರಲ್ಲಿ ಬಂದ ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲವು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡಿತು. ವಿಸ್ತರಿತ ರಕ್ಷಣಾ ಯೋಜನೆಗೆ ಸೇರದ ಅಂತಹ ಯಂತ್ರಗಳನ್ನು ಬಳಸುವವರು, ಶಾಲೆಗೆ ಹಳೆಯ ಯಂತ್ರಗಳನ್ನು ದಾನವಾಗಿ ಕೊಡುವವರು, ಇದನ್ನು ಗಮನಿಸಬೇಕು.

ತುಂಗಭದ್ರೆಯ ಅಣೆಕಟ್ಟಿಗೆ 33 ಗೇಟುಗಳಿವೆ. ಅವು ಇರುವುದು ನೀರನ್ನು ಸದಾ ತಡೆಯಲಿಕ್ಕಲ್ಲ, ಹೊತ್ತರಿತು ಬಿಡಲಿಕ್ಕೆ. 2024ರ ಆಗಸ್ಟ್ 10ರ ರಾತ್ರಿ 19ನೆಯ ಗೇಟಿನ ಸರಪಳಿ ಕಡಿದಾಗ, ತುಂಬಿದ್ದ ನೀರು ಹರಿದುಹೋದುದನ್ನು ಈ ಸೀಮೆಯ ಜನ ಕಂಡಿದ್ದಾರೆ. ಬಿಡುವುದನ್ನೂ ತಡೆಯುವುದನ್ನೂ ಬಲ್ಲವನ ಕೈಯಲ್ಲಿ ಗೇಟೂ ಗಟ್ಟಿಯಾಗಿರಬೇಕು. ಗಣಕಯಂತ್ರದ ವಿಷಯದಲ್ಲಿಯೂ ಇದೇ ನ್ಯಾಯ.